ತೂಕ ಹಾಕದ ಮಾವಿನ ಮರ

ಕಡಿಮೆ ತೂಗಿದವನೇ ಗೆದ್ದ ಎನ್ನುವ ವ್ಯಾಪಾರವನ್ನು ನಾನು ಮೊದಲು ಕಂಡದ್ದು ಹೊಸನಗರದ ಒಂಬತ್ತನೇ ಕ್ಲಾಸಿನ ಮಕ್ಕಳಲ್ಲಿ. ನಮ್ಮದು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿ. ಕೆಳಗೆ ಮಿಕ್ಸಿ, ಗ್ಯಾಸ್ ಒಲೆ, ಗೀಸರ್. ಮಹಡಿಯಲ್ಲಿ ಫ್ರಿಜ್, ವಾಷಿಂಗ್ ಮೆಷಿನ್, ಟಿ.ವಿ. ಮಹಡಿಯ ಗೋಡೆಗೆ ಬಾಗಿಲಿನಷ್ಟು ದೊಡ್ಡ ಟಿ.ವಿ. ಒಂದನ್ನು ಹಾಕಿದ್ದೇನೆ. ಅದನ್ನು ಕೊಳ್ಳುವ ಗಿರಾಕಿ ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಅದನ್ನು ಒಮ್ಮೆ ನೋಡಿದವರಿಗೆ ಅದರ ಅರ್ಧದಷ್ಟಿರುವ ಟಿ.ವಿ. ಕೊಳ್ಳುವುದು ಮಿತವ್ಯಯದಂತೆ ಕಾಣುತ್ತದೆ.

ಹೈಸ್ಕೂಲಿನ ವಿಜ್ಞಾನದ ವಿನಯಾ ಮೇಡಂ ಒಂದು ದಿನ ಆ ಟಿ.ವಿ. ಕೇಳಿಕೊಂಡು ಬಂದರು. ಕೊಳ್ಳುವುದಕ್ಕಲ್ಲ.

"ಸರ್, ಶುಕ್ರವಾರ ಮಧ್ಯಾಹ್ನ ಸ್ವಲ್ಪ ಹೊತ್ತು ಬೇಕಿತ್ತು. ಸ್ಕೂಲಲ್ಲಿ ನೆಟ್ ನಿಲ್ಲಲ್ಲ."

ಫಿನ್ಲೆಂಡಿನದೊಂದು ಶಾಲೆ, ಕೆನ್ಯಾದ್ದೊಂದು ಶಾಲೆ, ನಮ್ಮದೊಂದು. ಮೂರೂ ಕಡೆಯ ಮಕ್ಕಳು ತಮ್ಮ ಮನೆಗಳಲ್ಲಿ ಏನೇನು ಉರಿಸುತ್ತಾರೆ, ಏನೇನು ಓಡಿಸುತ್ತಾರೆ ಎಂದು ವಿಡಿಯೊ ಕರೆಯಲ್ಲಿ ಹೇಳಿ, ಅದರಿಂದಾಗುವ ಹೊಗೆಯನ್ನು ಕಿಲೋಗಳಲ್ಲಿ ಲೆಕ್ಕ ಹಾಕಿ, ಒಬ್ಬರದನ್ನೊಬ್ಬರು ಹೋಲಿಸಿ ನೋಡಬೇಕಂತೆ. ಇಂಗಾಲದ ಹೆಜ್ಜೆಗುರುತು ಎಂದು ಅದಕ್ಕೆ ಹೆಸರು. ಹೆಜ್ಜೆಗುರುತನ್ನು ತೂಕ ಹಾಕುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಆದರೆ ಮೂವತ್ತು ಚಿಲ್ಲರೆ ಮಕ್ಕಳು ಮನೆಗೆ ಹೋಗಿ ಟಿ.ವಿ.ಯ ವಿಷಯ ಹೇಳದೆ ಇರುವುದಿಲ್ಲ ಎಂಬುದು ಹೊಳೆಯಿತು. ಒಪ್ಪಿದೆ.

ಮೊದಲ ಶುಕ್ರವಾರ ಫಿನ್ಲೆಂಡಿನ ಮಕ್ಕಳು ಸ್ವೆಟರ್ ಹಾಕಿಕೊಂಡು ಕೂತು, ತಮ್ಮ ಮನೆಯ ಕಾರು, ಹೀಟರು, ರಜೆಯಲ್ಲಿ ಹತ್ತಿದ ವಿಮಾನ ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದರು. ನಮ್ಮ ಮಕ್ಕಳಿಗೆ ಅದು ಜಂಬದ ಹಾಗೆ ಕೇಳಿಸಿತು. ಬಿಟ್ಟಾರೆಯೇ? ಪ್ರಜ್ವಲ್ ಎದ್ದು ನಿಂತು ತಮ್ಮ ಮನೆಯಲ್ಲಿ ಎರಡು ಕಾರು ಎಂದ. ಅಭಿಷೇಕ ಫ್ರಿಜ್ಜೇ ಎರಡಿದೆ, ಎ.ಸಿ.ಯೂ ಬರುತ್ತದೆ ಎಂದ. ಅವರ ಮನೆಗೆ ನಾನು ಮಾರಿದ್ದು ಒಂದೇ ಫ್ರಿಜ್. ಎರಡನೆಯದು ಎಲ್ಲಿಂದ ಬಂತೆಂದು ನನಗೆ ಆ ರಾತ್ರಿಯೆಲ್ಲ ಹೊಟ್ಟೆಕಿಚ್ಚು. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ, ಇಲ್ಲಿ ಕಡಿಮೆ ಇದ್ದವರೇ ಮುಂದೆ ಎಂದು ಮೇಡಂ ಆಮೇಲೆ ಬಿಡಿಸಿ ಹೇಳಿದರು. ಮುಂದಿನ ಶುಕ್ರವಾರ ಬರುವಷ್ಟರಲ್ಲಿ ಪ್ರಜ್ವಲನ ಒಂದು ಕಾರು ಶಿವಮೊಗ್ಗದ ಚಿಕ್ಕಪ್ಪನ ಪಾಲಾಗಿತ್ತು, ಅಭಿಷೇಕನ ಫ್ರಿಜ್ ಕೆಟ್ಟಿತ್ತು, ಹೊಸನಗರ ತಾಲ್ಲೂಕು ಒಟ್ಟಾರೆ ಬಡವಾಗಿತ್ತು. ಕೆನ್ಯಾದ ಮಕ್ಕಳು ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ಅಲ್ಲೂ ಇದೇ ನಾಟಕ ನಡೆದಿರಬೇಕು.

ಎರಡೂ ವಾರ ಒಂದೇ ಮಾತು ಹೇಳಿದವಳು ಸೌಜನ್ಯ ಒಬ್ಬಳೇ. ಒಲೆಗೆ ಸೌದೆ, ಸ್ನಾನದ ಹಂಡೆಗೆ ಸೌದೆ, ಅಪ್ಪನ ಗಾಡಿಗೆ ಡೀಸೆಲ್, ಒಂದಿಷ್ಟು ಕರೆಂಟು. ಶಾಲೆಗೆ ಹೇಗೆ ಬರುತ್ತೀ ಎಂದು ಫಿನ್ಲೆಂಡಿನ ಐನೊ ಎಂಬ ಹುಡುಗಿ ಕೇಳಿದ್ದಕ್ಕೆ, ನಡೆದು, ತಡವಾದರೆ ಬಸ್ಸಿಗೆ ಎಂದಳು. ಅಷ್ಟು ಹೇಳಿ ಕೂತಳು. ಬೆಲೆ ಹೇಳಿ ಸುಮ್ಮನಾಗುವ ವ್ಯಾಪಾರಿಯನ್ನು ಕಂಡರೆ ನನಗೆ ಸ್ವಲ್ಪ ಭಯ; ಅಂಥವರ ಹತ್ತಿರ ಚೌಕಾಸಿ ನಡೆಯುವುದಿಲ್ಲ.

ಕೊನೆಯ ಸುತ್ತಿಗೆ ಪ್ರತಿ ಶಾಲೆಯೂ ಒಂದು ಮನೆಯನ್ನು ಆರಿಸಿ, ಆ ಮನೆಯ ಒಂದು ತಿಂಗಳ ಲೆಕ್ಕವನ್ನು ಪೂರ್ತಿ ಇಡಬೇಕಿತ್ತು. ನಮ್ಮ ಮಕ್ಕಳು ಒಂದೇ ದನಿಯಲ್ಲಿ ಸೌಜನ್ಯಳ ಮನೆ ಎಂದರು. ಅವಳ ಮೇಲೆ ಪ್ರೀತಿ ಉಕ್ಕಿಯಲ್ಲ, ಕೆನ್ಯಾವನ್ನು ಸೋಲಿಸಬಲ್ಲ ಮನೆ ಅದೊಂದೇ ಎಂದು.

ಅವಳ ಅಪ್ಪ ಹೂವಪ್ಪ ನಮ್ಮ ಅಂಗಡಿಯ ಸಾಮಾನು ಸಾಗಿಸುವವನು. ಸಾಗರದ ಗೋದಾಮಿನಿಂದ ಇಲ್ಲಿಗೆ, ಇಲ್ಲಿಂದ ತೀರ್ಥಹಳ್ಳಿಯ ಕಡೆಯ ಗಿರಾಕಿಗಳಿಗೆ, ಅವನದೇ ಗೂಡ್ಸ್ ಗಾಡಿ. ನಾನೊಂದು ದಿನ ಅವನನ್ನು ಕೆಣಕಿದೆ.

"ಏನೋ ಹೂವಪ್ಪ, ಮಗಳು ಹೊಗೆ ತೂಕ ಮಾಡ್ತಿದಾಳಂತೆ?"

"ಅಯ್ಯೋ, ಕೇಳ್ಬೇಡಿ ಸಾವ್ಕಾರ್ರೇ. ಒಲೆಗೆ ಒಂದು ಕೊಳ್ಳಿ ಹಾಕ್ಬೇಕಾದ್ರೂ ಕೊಕ್ಕೆ ತಕ್ಕಡಿಗೆ ನೇತಾಕ್ತಾಳೆ. ನಿನ್ನೆ ನಾನು ಬೀಡಿ ಹಚ್ಚಿದ್ರೆ ಅದಕ್ಕೂ ಬಂದ್ಲು."

"ಡೀಸೆಲ್ಲು?"

"ಅದೇ ಜಗಳ ಈಗ. ಅಪ್ಪ, ನೀನು ಎಂತಕ್ಕೆ ಇಷ್ಟು ಓಡಾಡ್ತೀಯಾ ಅಂತಾಳೆ. ನಿಮ್ಮ ಫ್ರಿಜ್ಜು ನೀವೇ ತಲೆ ಮೇಲೆ ಹೊತ್ಕೊಂಡು ಹೋಗಿ ಕೊಡಿ ಮಾರಾಯ್ರೇ. ನಮ್ಮನೆ ಮಾನ ಉಳೀಲಿ."

ಜನವರಿಯ ನಡುವಿನಲ್ಲಿ, ಆ ಲೆಕ್ಕದ ತಿಂಗಳು ಶುರುವಾಗಿ ಕೆಲವೇ ದಿನಗಳಾಗಿದ್ದಾಗ, ಹೂವಪ್ಪ ತೀರ್ಥಹಳ್ಳಿಯಲ್ಲಿ ಒಂದು ವಾಷಿಂಗ್ ಮೆಷಿನ್ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸು ಬರುತ್ತಿದ್ದ. ದಾರಿಯಲ್ಲಿ ಎದೆನೋವು ಬಂದಿರಬೇಕು. ಗಾಡಿಯನ್ನು ನೆರಳಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕೂತಲ್ಲೇ ಹೋಗಿದ್ದ. ಹಿಂದೆ ಬಂದ ಬಸ್ಸಿನವರು ನಿದ್ದೆ ಮಾಡುತ್ತಿದ್ದಾನೆಂದು ಹಾರ್ನ್ ಹೊಡೆದು ಮುಂದೆ ಹೋದರಂತೆ.

ನಾನು ಹೋದಾಗ ಅವನ ಅಣ್ಣ ಪುಟ್ಟಣ್ಣ ಹಿತ್ತಿಲಿನ ಮಾವಿನ ಮರ ಕಡಿಸುತ್ತಿದ್ದ. ನಮ್ಮ ಕಡೆ ಮನೆಯವರು ಹೋದರೆ ಚಿತೆಗೆ ಮನೆಯ ಮಾವಿನ ಮರ. ಅಪ್ಪೆಮಿಡಿಯ ಮರ ಅದು, ಉಪ್ಪಿನಕಾಯಿಗೆ ಹೆಸರಾದ್ದು. ಮೈತುಂಬ ಹೂ ಬಿಟ್ಟಿತ್ತು. ಗರಗಸದ ಮೆಷಿನ್ನಿನ ಸದ್ದಿನಲ್ಲಿ ಯಾರು ಅಳುತ್ತಿದ್ದಾರೆ, ಯಾರು ಇಲ್ಲ ಎಂದು ತಿಳಿಯುತ್ತಿರಲಿಲ್ಲ. ಸದ್ದು ನಿಂತಾಗ ಸೌಜನ್ಯ ಅಳುತ್ತಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಬಂದವರಿಗೆ ಅವಳು ಚಾಪೆ ಹಾಸುತ್ತಿದ್ದಳು. ಚಾಪೆ ಮುಗಿದ ಮೇಲೆ ಬರಿಗೈಯಲ್ಲಿ ನಿಂತಿದ್ದಳು. ಅವಳಮ್ಮ ಗಂಗಾ ಗೋಡೆಗೆ ಒರಗಿ ಕೂತವಳು ಮುಂದೆ ಎಷ್ಟೋ ದಿನ ಹಾಗೇ ಕೂತಿದ್ದಳೆಂದು ಕೇಳಿದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಊಟ ಅಕ್ಕಪಕ್ಕದಿಂದ ಬರುತ್ತದೆ. ಹಚ್ಚುವ ದಿನ ಬಂದ ಮೇಲೂ ಗಂಗಾ ಒಲೆಯ ಹತ್ತಿರ ಹೋಗಲಿಲ್ಲ, ಹಂಡೆಗೂ ಬೆಂಕಿ ಹಾಕಲಿಲ್ಲ. ಅಕ್ಕಪಕ್ಕದವರು ಕಳಿಸುತ್ತಲೇ ಹೋದರು.

ಸೌಜನ್ಯ ಶಾಲೆಗೆ ಮರಳಿದಾಗ ವಿನಯಾ ಮೇಡಂ ಬೇರೆ ಮನೆ ಆರಿಸೋಣ ಎಂದರಂತೆ. ಅವಳು, "ಬೇಡ ಮೇಡಂ, ಅರ್ಧ ಆಗಿದೆ," ಎಂದಳಂತೆ. ಅಪ್ಪ ಸತ್ತ ಮನೆಯಲ್ಲಿ ಕೊಕ್ಕೆ ತಕ್ಕಡಿ ಮತ್ತೆ ಗೋಡೆಯಿಂದ ಇಳಿಯಿತು. ತೂಗುವುದಕ್ಕೆ ಏನೂ ಇರಲಿಲ್ಲ.

ಕೊನೆಯ ಕರೆಯ ಹಿಂದಿನ ವಾರ ಮಕ್ಕಳು ನಮ್ಮ ಮಹಡಿಯಲ್ಲಿ ಕೂತು ಒಟ್ಟು ಮಾಡಿದರು. ನಾನು ಫ್ರಿಜ್ಜುಗಳ ಧೂಳು ಒರೆಸುತ್ತಿದ್ದೆ. ಮೊದಲು ಕೂಗಿದವನು ಅಭಿಷೇಕ.

"ಕೆನ್ಯಾದವ್ರು ಹೋದ್ಸಲ ಹೇಳಿದ್ರಲ್ಲಿ ಅರ್ಧನೂ ಇಲ್ಲ ಕಣ್ರೋ! ಗೆದ್ವಿ!"

ಚಪ್ಪಾಳೆಯೂ ಬಿತ್ತು. ವಿನಯಾ ಮೇಡಂ ಮಾತ್ರ ತಲೆ ಎತ್ತಲಿಲ್ಲ. ಅಷ್ಟು ಕಡಿಮೆ ಹೇಗಾಯಿತೆಂದು ಅವರಿಗೆ ಗೊತ್ತಿತ್ತು.

"ಒಂದು ಬಿಟ್ಟೋಗಿದೆ," ಎಂದಳು ಸೌಜನ್ಯ.

"ಎಂತದು?"

"ಮಾವಿನ ಮರ."

ಚಪ್ಪಾಳೆ ಹೊಡೆದ ಕೈಗಳನ್ನು ಎಲ್ಲಿಡಬೇಕೆಂದು ಮಕ್ಕಳಿಗೆ ತಿಳಿಯಲಿಲ್ಲ. ಮೇಡಂ ಹತ್ತಿರ ಬಂದು, "ಅದು ಮನೆ ಬಳಕೆ ಅಲ್ಲಮ್ಮ. ಅದನ್ನ ಸೇರಿಸೋದು ಬೇಡ," ಎಂದರು.

"ಹಂಡೆಗೆ ಹಾಕಿದ ಸೌದೆ ಲೆಕ್ಕ ಅಂದ್ರಿ ಮೇಡಂ. ಇದೂ ನಮ್ಮನೆಯವ್ರಿಗೇ ಹಾಕಿದ್ದು."

"ಅದನ್ನ ಹಾಕಿದ್ರೆ ಸೋಲ್ತೀವಿ ಕಣೆ," ಎಂದ ಅಭಿಷೇಕ. ಕೆಟ್ಟ ಹುಡುಗನಲ್ಲ, ಬಾಯಿ ಮುಂದೆ.

"ಬಿಟ್ರೆ ಗೆಲ್ತೀವಿ. ಅಪ್ಪ ಇಲ್ಲ, ಅದಕ್ಕೆ ಡೀಸೆಲ್ ಇಲ್ಲ. ಅಮ್ಮ ಒಲೆ ಹಚ್ಚಿಲ್ಲ, ಅದಕ್ಕೆ ಸೌದೆ ಇಲ್ಲ. ಅದಕ್ಕೆ ಗೆಲ್ಲೋದಾ?"

ಬಸ್ ಎಷ್ಟು ಗಂಟೆಗೆ ಎಂದು ಕೇಳುವ ದನಿಯಲ್ಲೇ ಹೇಳಿದಳು. ಅವಳು ನನ್ನ ಕಡೆ ತಿರುಗಿದಳು.

"ಮಾಮ, ಒಂದು ಮಾವಿನ ಮರ ಎಷ್ಟು ತೂಗತ್ತೆ?"

ನನಗೆ ಫ್ರಿಜ್ಜಿನ ತೂಕ ಗೊತ್ತು. ಸೌದೆ ಡಿಪೋದ ರಾಮಚಂದ್ರಪ್ಪನನ್ನು ಕೇಳು ಎಂದು ಜಾರಿಕೊಂಡೆ. ಅವಳು ಹೋಗಿಯೇ ಬಿಟ್ಟಳು. ರಾಮಚಂದ್ರಪ್ಪ ಆ ಸಂಜೆ ನನ್ನ ಅಂಗಡಿಗೆ ಬಂದು ಜಗಳವಾಡಿದ.

"ಎಂತ ಮಾರಾಯ, ಆ ಹುಡುಗೀನ ನನ್ನ ಹತ್ರ ಕಳಿಸೋದಾ? ಹೆಣದ ಸೌದೆಗೆ ನಾವು ತಕ್ಕಡಿ ಮುಟ್ಟಲ್ಲ. ಯಾರೇ ಬರ್ಲಿ, ಒಂದು ಗಾಡಿ ಅಂತ ತುಂಬಿ ಕಳಿಸ್ತೀವಿ. ತೂಕ ಹಾಕಿದ್ರೆ ಸತ್ತವನಿಗೆ ಬೆಲೆ ಕಟ್ಟಿದ ಹಾಗೆ."

"ಅದನ್ನೇ ಹೇಳ್ಬೇಕಿತ್ತು ಅವಳಿಗೆ."

"ಹೇಳ್ದೆ. ಹಂಗಾದ್ರೆ ಅಂದಾಜು ಹೇಳಿ ಅಂದ್ಲು. ಅಂದಾಜೂ ಹೇಳ್ಬಾರ್ದು ಅಂದೆ. ಆಯ್ತು ಅಂತ ಹೋದ್ಲು. ಕಣ್ಣಲ್ಲಿ ಒಂದು ಹನಿ ನೀರಿಲ್ಲ ಕಣಯ್ಯ!"

ಊರಿಗೆ ಅಷ್ಟು ಸಾಕಿತ್ತು. ಅಪ್ಪನಿಗೆ ಅಳಲಿಲ್ಲ, ಸೌದೆಯ ಲೆಕ್ಕ ಕೇಳುತ್ತಾ ತಿರುಗುತ್ತಾಳೆ ಎಂದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಾತಾಯಿತು. ಪುಟ್ಟಣ್ಣನ ಕಿವಿಗೂ ಬಿತ್ತು. ಅವನು ಅಂಗಡಿಗೆ ಬಂದು, ಗಿರಾಕಿಗಳ ಎದುರೇ ಕೇಳಿದ.

"ಸಾವ್ಕಾರ್ರೇ, ಆ ಟಿ.ವಿ.ಯಲ್ಲಿ ನನ್ನ ತಮ್ಮನ ಚಿತೆ ತೋರಿಸ್ತಾರಂತೆ, ಹೌದಾ?"

"ಇಲ್ಲ ಪುಟ್ಟಣ್ಣ. ಮರದ ಮಾತು ಅಷ್ಟೇ."

"ಮರ ಕಡಿಸಿದೋನು ನಾನು. ತೂಕ ಕೇಳಿದ್ರೆ ನನ್ನ ಕೇಳ್ಲಿ."

"ಕೇಳಿದ್ಲಾ?"

"ಕೇಳಿದ್ಲು. ಬಯ್ದು ಕಳಿಸ್ದೆ," ಎಂದ ಪುಟ್ಟಣ್ಣ. ಆಮೇಲೆ ಯಾವುದೋ ಮಿಕ್ಸಿಯ ಬೆಲೆ ಕೇಳಿ, ನಾನು ಹೇಳುವ ಮೊದಲೇ ಹೊರಟುಹೋದ.

ಕೊನೆಯ ಶುಕ್ರವಾರ ಬಂತು. ಟಿ.ವಿ.ಯಲ್ಲಿ ಒಂದು ಕಡೆ ಫಿನ್ಲೆಂಡ್, ಒಂದು ಕಡೆ ಕೆನ್ಯಾ. ಕೆಳಗೆ ಮೂರು ಕಂಬಗಳ ಚಿತ್ರ. ಅವರವರು ಸಂಖ್ಯೆ ಹೇಳಿದ ಹಾಗೆ ಕಂಬ ಮೇಲೇಳುತ್ತದೆ. ಫಿನ್ಲೆಂಡಿನದು ಪರದೆಯ ಮುಕ್ಕಾಲು ಪಾಲು ಎದ್ದಿತು. ಕೆನ್ಯಾದ್ದು ಮೊಳಕಾಲಿನವರೆಗೆ. ಆಮೇಲೆ ಸೌಜನ್ಯ ಎದ್ದು ನಿಂತಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಹೀಗೆ: ಡೀಸೆಲ್ ತಿಂಗಳ ಮೊದಲ ದಿನಗಳಲ್ಲಿ ಮಾತ್ರ. ಒಲೆಗೂ ಹಂಡೆಗೂ ಸೌದೆ ಮೊದಲ ದಿನಗಳಲ್ಲಿ ಮಾತ್ರ. ಕರೆಂಟು ಇಷ್ಟು. ಮತ್ತೆ ಒಂದು ಮಾವಿನ ಮರ.

ಮರ ಯಾತಕ್ಕೆ ಎಂದು ಐನೊ ಕೇಳಿದಳು. ಕಟ್ಟಡಕ್ಕೆ ಎಂದು ತಿಳಿದಿರಬೇಕು.

ವಿನಯಾ ಮೇಡಂ ಬಾಯಿ ತೆರೆದರು. ಅಷ್ಟರಲ್ಲಿ ಸೌಜನ್ಯಳೇ, ನಮ್ಮಪ್ಪನನ್ನು ಸುಡಲಿಕ್ಕೆ ಎಂದಳು.

ಬಾಗಿಲಿನಷ್ಟು ದೊಡ್ಡ ಪರದೆಯಲ್ಲಿ ಇಪ್ಪತ್ತು ಮೂವತ್ತು ಮಕ್ಕಳು ಒಟ್ಟಿಗೆ ಸುಮ್ಮನಾದರೆ ಕರೆಂಟು ಹೋದಂತೆ ಕಾಣುತ್ತದೆ. ಫಿನ್ಲೆಂಡಿನ ಟೀಚರು, ವಯಸ್ಸಾದ ಹೆಂಗಸು, ಕನ್ನಡಕ ತೆಗೆದು, ಆ ಮರವನ್ನು ಬಿಟ್ಟುಬಿಡೋಣ, ಯಾರೂ ತಪ್ಪು ತಿಳಿಯುವುದಿಲ್ಲ ಎಂದು ಮೆಲ್ಲಗೆ ಹೇಳಿದರು.

"ಬೇಡ, ಬರ್ಕೊಳ್ಳಿ," ಎಂದಳು ಸೌಜನ್ಯ ಕನ್ನಡದಲ್ಲೇ. ಮೇಡಂ ಅದನ್ನು ಇಂಗ್ಲಿಷಿಗೆ ಮಾಡಿದರು.

ಹಾಗಾದರೆ ಎಷ್ಟು ಕಿಲೋ ಎಂದು ಬರೆದುಕೊಳ್ಳಲಿ ಎಂದರು ಆ ಟೀಚರು.

"ತೂಕ ಹಾಕಿಲ್ಲ. ಹಾಕ್ಬಾರ್ದಂತೆ."

ಆ ಚಿತ್ರಕ್ಕೆ ಕಿಲೋ ಬೇಕು. ಕಿಲೋ ಇಲ್ಲದೆ ಕಂಬ ಏಳುವುದಿಲ್ಲ. ಸುಮಾರು ಇಷ್ಟು ಎಂದು ಹಾಕಬಹುದಲ್ಲ ಎಂದು ಮೇಡಂ ಅವಳ ಕಿವಿಯಲ್ಲಿ ಕೇಳಿದರು. ಅವಳು ತಲೆಯಲ್ಲಾಡಿಸಿದಳು. ಮರವನ್ನು ಬಿಡುವುದಿಲ್ಲ, ಅದಕ್ಕೆ ಸುಳ್ಳು ತೂಕವನ್ನೂ ಹೇಳುವುದಿಲ್ಲ. ನಲವತ್ತು ವರ್ಷದ ವ್ಯಾಪಾರದಲ್ಲಿ ನಾನು ಇಂಥ ಗಿರಾಕಿಯನ್ನು ನೋಡಿಲ್ಲ.

"ಹಂಗಾದ್ರೆ ನಮ್ಮನೆ ತೆಗ್ದುಬಿಡಿ ಮೇಡಂ," ಎಂದಳು ಕೊನೆಗೆ.

ಫಿನ್ಲೆಂಡಿನ ಟೀಚರು ಏನೋ ಒತ್ತಿದರು. ಪರದೆಯ ಮೇಲೆ ಎರಡೇ ಕಂಬ ಉಳಿದವು. ಆಗ ಕೆನ್ಯಾದ ಕಡೆಯಿಂದ ಒಬ್ಬ ಉದ್ದನೆಯ ಹುಡುಗ ಕೈ ಎತ್ತಿ, ಅದು ಒಳ್ಳೆಯ ಮರವೇ ಎಂದು ಕೇಳಿದ.

ಅವಳಿಗೆ ಆ ಪ್ರಶ್ನೆಯನ್ನು ಇನ್ನೂ ಯಾರೂ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ, ಹೌದು, ಒಳ್ಳೆಯ ಮರ ಎಂದಳು. ಅದರ ಮಿಡಿಗೆ ಪರಿಮಳ ಜಾಸ್ತಿ. ನೆಲಕ್ಕೆ ಬಿದ್ದರೆ ಕೆಡುತ್ತದೆ, ಕೈಯಿಂದಲೇ ಕೊಯ್ಯಬೇಕು. ಅಪ್ಪ ಹತ್ತುತ್ತಿದ್ದ, ತಾನು ಕೆಳಗೆ ನಿಂತು ಹಗ್ಗದಲ್ಲಿ ಬರುವ ಬುಟ್ಟಿ ಹಿಡಿಯುತ್ತಿದ್ದೆ ಎಂದಳು. ಮಿಡಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ, ಮೇಡಂಗೂ ಹೊಳೆಯಲಿಲ್ಲ. ಹೆಬ್ಬೆರಳಿನ ತುದಿ ತೋರಿಸಿ, ಇಷ್ಟು ದೊಡ್ಡದು ಎಂದಳು. ಕೆನ್ಯಾದ ಹುಡುಗ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಸೌಜನ್ಯ ಕೂತಳು. ಮುಖ ಮೊದಲಿನ ಹಾಗೇ ಇತ್ತು.

ಕೆನ್ಯಾ ಗೆದ್ದಿತು. ಅವರು ಈ ಸಲ ನಗಲಿಲ್ಲ.

ಮಕ್ಕಳು ಚಪ್ಪಲಿ ಹುಡುಕಿಕೊಂಡು ಮೆಟ್ಟಿಲಿಳಿದರು. ಕೆಳಗೆ ಗ್ಯಾಸ್ ಒಲೆಗಳ ಪಕ್ಕದಲ್ಲಿ ಪುಟ್ಟಣ್ಣ ನಿಂತಿದ್ದ. ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ. ತಮ್ಮನ ಮಗಳನ್ನು ನೋಡಿ, "ಬಸ್ಸಿಗೆ ಹೋಗ್ತೀಯಾ, ನನ್ನ ಬೈಕಲ್ಲಿ ಬರ್ತೀಯಾ?" ಎಂದ.

"ಬಸ್ಸಿಗೆ ಹೋಗ್ತೀನಿ ದೊಡ್ಡಪ್ಪ."

"ಸರಿ," ಎಂದ ಪುಟ್ಟಣ್ಣ. ಅವಳ ಜೊತೆಗೇ ಬಸ್ ಸ್ಟ್ಯಾಂಡಿನವರೆಗೆ ಬೈಕನ್ನು ತಳ್ಳಿಕೊಂಡು ನಡೆದ.

ಹಿಂದೆ ಬರುತ್ತಿದ್ದ ಪ್ರಜ್ವಲ್, "ಸೋತ್ವಲ್ಲ ಮಾರಾಯ್ತಿ," ಎಂದ.

"ಹೌದು, ಸೋತ್ವಿ," ಎಂದಳು ಸೌಜನ್ಯ.