ಶೀನಣ್ಣನ ಲೆಕ್ಕದ ಪರೀಕ್ಷೆ

ನಮ್ಮ ಬೀಜಾಡಿಯಲ್ಲಿ ನಲವತ್ತೈದು ದಾಟಿದ ಗಂಡಸರನ್ನು ಎಷ್ಟು ಓದಿದ್ದೀರಿ ಎಂದು ಕೇಳಿದರೆ "ಎಸ್ಸೆಸ್ಸೆಲ್ಸಿ" ಎನ್ನುತ್ತಾರೆ, ಅಷ್ಟೇ. ಪಾಸೋ ಫೇಲೋ ಎಂದು ಕೇಳುವುದು ಇಲ್ಲಿ ಮರ್ಯಾದೆಯಲ್ಲ. ಆ ಕಾಲದಲ್ಲಿ ಫೇಲಾದವರು ಮುಂಬೈ ಬಸ್ಸು ಹತ್ತಿ ಹೋಟೆಲು ಸೇರುತ್ತಿದ್ದರು. ಪಾಸಾದವರಲ್ಲೂ ಅರ್ಧ ಜನ ಅದೇ ಬಸ್ಸಿನಲ್ಲಿ ಇರುತ್ತಿದ್ದರು. ಹಾಗಾಗಿ ಯಾರು ಏನೆಂದು ಊರಿಗೆ ತಿಳಿಯಲಿಲ್ಲ.

ಕೇಳುವ ಪಾಪ ನನ್ನ ತಲೆಗೆ ಬಂತು. ನಾನು ಸುಗುಣ, ಇಲ್ಲಿನ ಶಾಲೆಯ ಟೀಚರು. ಸರ್ಕಾರದ ಮನೆಮನೆ ಸಮೀಕ್ಷೆಗೆಂದು ಮೊಬೈಲು ಹಿಡಿದು ತಿರುಗುತ್ತ ಶೀನಣ್ಣನ ಜಗಲಿಗೆ ಬಂದೆ. ಮುಂಬೈ ಬಿಟ್ಟು ಬಂದು ಹೆದ್ದಾರಿ ಬದಿಯಲ್ಲಿ ಸಣ್ಣ ಹೋಟೆಲು ಇಟ್ಟವರು ಅವರು. ಪಕ್ಕದಲ್ಲಿ ಹೆಂಡತಿ ರತ್ನಕ್ಕ, ಪಿಯುಸಿ ಓದುವ ಮಗಳು ಶ್ರಾವ್ಯ ಇದ್ದರು.

"ಎಸ್ಸೆಸ್ಸೆಲ್ಸಿ," ಎಂದರು ಶೀನಣ್ಣ.

"ಪಾಸಾ, ಫೇಲಾ?"

ರತ್ನಕ್ಕನೇ ಉತ್ತರ ಕೊಟ್ಟರು. "ಪಾಸ್ ಟೀಚರ್ರೆ. ಫೇಲಾದ್ ಗಂಡ್ ಬ್ಯಾಡ ಅಂದೇಳಿ ಒಂದ್ ಸಂಬಂಧವೇ ಬಿಟ್ಟಿದ್ದೆ ನಾನ್."

ಶೀನಣ್ಣ ನೆಲ ನೋಡಿದರು. "ಫೇಲ್ ಅಂದೇಳಿ ಬರ್ಕಣಿ. ಲೆಕ್ಕದ ಪರೀಕ್ಷಿ ಹೋಯ್ತ್. ಮಗಳೆದ್ರಿಗೆ ಇನ್ನೂ ಎಷ್ಟ್ ಸುಳ್ ಹೇಳುದ್?"

ರತ್ನಕ್ಕ ಎದ್ದು ಒಳಗೆ ಹೋದರು. ಇಪ್ಪತ್ತೆರಡು ವರ್ಷದ ಸಂಸಾರಕ್ಕೆ ನಾನೇ ಬೆಂಕಿ ಇಟ್ಟೆನಲ್ಲ ಎಂದು ನನಗೆ ಆ ದಿನ ಊಟ ಸೇರಲಿಲ್ಲ.

ನಾಲ್ಕನೆಯ ದಿನ ರತ್ನಕ್ಕ ಗಂಡನನ್ನು ಕರೆದುಕೊಂಡು ಶಾಲೆಗೇ ಬಂದರು. "ಇವ್ರಿಗೆ ಪರೀಕ್ಷಿ ಕಟ್ಟುಕ್ ಆತ್ತಾ?"

ಖಾಸಗಿಯಾಗಿ ಕಟ್ಟಬಹುದು, ವಯಸ್ಸು ಅಡ್ಡಿಯಲ್ಲ ಎಂದೆ.

"ಈ ಪ್ರಾಯದಂಗಾ?" ಎಂದು ಶೀನಣ್ಣ ಗೊಣಗಿದರು.

"ನಾನ್ ಮದಿ ಆದ್ದ್ ಪಾಸಾದವ್ರನ್ನ. ಪಾಸಾಯ್ಕಂಡ್ ಬನ್ನಿ. ಅಲ್ಲಿತನ್ಕ ನಂಗೂ ನಿಮ್ಗೂ ಮಾತಿಲ್ಲೆ," ಎಂದರು ರತ್ನಕ್ಕ. ಹೇಳಿದಂತೆ ನಡೆದುಕೊಳ್ಳುವ ಹೆಂಗಸು ಅವರು.

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಹೋಟೆಲಿನ ಮೇಜಿನಲ್ಲೇ ಪಾಠ ಶುರುವಾಯಿತು. ಮಗಳೇ ಮಾಸ್ತರು, ಮೂಗಿನ ತುದಿಯಲ್ಲೇ ಸಿಟ್ಟು. ರತ್ನಕ್ಕ ಬಾಯಿ ಬಿಡಲಿಲ್ಲ, ಆದರೆ ಪುಸ್ತಕದ ಪಕ್ಕ ಚಾ ತಂದಿಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಮುದುಕನಿಗೆ ಮಗ್ಗಿಯೇ ಎಂದು ನಗಾಡಿದ ಪಕ್ಕದ ಅಂಗಡಿಯ ಕುಷ್ಟಣ್ಣ, ವಾರ ಕಳೆಯುವುದರೊಳಗೆ ತಾನೂ ಕುರ್ಚಿ ಎಳೆದು ಕುಳಿತರು. "ನಂದೂ ಫೇಲೇ ಮಾರಾಯ್ತಿ. ನಂಗೂ ಹೇಳಿಕೊಡ್," ಎಂದರಂತೆ ಶ್ರಾವ್ಯಳಿಗೆ.

ಫಲಿತಾಂಶದ ದಿನ ನಾನೂ ಹೋಟೆಲಿನಲ್ಲೇ ಇದ್ದೆ. ಶ್ರಾವ್ಯ ಮೊಬೈಲು ನೋಡಿ ಕೂಗಿದಳು: "ಅಪ್ಪಯ್ಯಾ, ಲೆಕ್ಕಕ್ಕೆ ನಲ್ವತ್ತೊಂದ್! ಎಲ್ಲದ್ರಂಗೂ ಪಾಸ್!"

ಶೀನಣ್ಣ ಬಾಣಲೆಯ ಮುಂದೆ ನಿಂತಲ್ಲೇ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಎಣ್ಣೆಯಲ್ಲಿ ಗೋಳಿಬಜೆ ಸೀದು ಕಪ್ಪಾಗುತ್ತಿತ್ತು. ರತ್ನಕ್ಕ ಬಂದು ಅವರ ಕೈಯಿಂದ ಸಟ್ಟುಗ ತೆಗೆದುಕೊಂಡರು.

"ಹ್ವಾಯ್, ಗೋಳಿಬಜಿ ಕರ್ಟಿ ಹೋತ್ತ್ ಕಾಣಿ," ಎಂದರು. ಏಳು ತಿಂಗಳಲ್ಲಿ ಗಂಡನೊಡನೆ ಅವರು ಆಡಿದ ಮೊದಲ ಮಾತು ಅದು.