ಹಂಗೆರಿ ನೋಡಿ ಬಂದ ರೂಮ್‌ಮೇಟ್

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ನ್ಯೂಜೆರ್ಸಿಯ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದೆ. ಸಮಾಜವಾದಿ ದೇಶಗಳ ಯೋಜನಾಬದ್ಧ ವ್ಯವಸ್ಥೆ ಎಲ್ಲಿ ಎಡವಿತು, ಅದನ್ನು ಸರಿಪಡಿಸಲು ಹಂಗೆರಿಯವರು ಏನು ಮಾಡಿದರು ಎಂಬುದು ನನ್ನ ವಿಷಯ. ಮೂರು ವರ್ಷ ಲೈಬ್ರರಿಯ ನೆಲಮಾಳಿಗೆಯಲ್ಲಿ ನಿಘಂಟು ಹಿಡಿದು ಕೂತು ಹಂಗೆರಿ ಭಾಷೆಯ ವರದಿಗಳನ್ನು ಒಂದೊಂದೇ ಪದ ಬಿಡಿಸಿ ಓದಿದ್ದೆ. ನನ್ನ ಪ್ರೊಫೆಸರ್ ಪ್ರತಿ ಅಧ್ಯಾಯದ ಮೇಲೂ ‘ಅಚ್ಚುಕಟ್ಟಾಗಿದೆ’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ಅಷ್ಟೇ.

ಆಗ ಧಾರವಾಡದವನೊಬ್ಬ ನನ್ನ ರೂಮ್‌ಮೇಟಾಗಿ ಬಂದ. ಇಂಜಿನಿಯರಿಂಗ್ ವಿದ್ಯಾರ್ಥಿ. ಅದಕ್ಕೆ ಮೊದಲು ಎರಡು ವರ್ಷ ಹಂಗೆರಿಯ ಎನಾಮಲ್ ಪಾತ್ರೆಗಳ ಕಾರ್ಖಾನೆಯಲ್ಲಿ ತರಬೇತಿಗಿದ್ದನಂತೆ. ಖುಷಿಯಿಂದ ನಾನೇ ಅವನನ್ನು ನಮ್ಮ ಸೆಮಿನಾರಿಗೆ ಕರೆದುಕೊಂಡು ಹೋದೆ.

ಪ್ರೊಫೆಸರ್ ಬೋರ್ಡಿನ ಮೇಲೆ ಏನೋ ಸಮೀಕರಣ ಬರೆಯುತ್ತಿದ್ದರು. ಇವನು ಕೈ ಎತ್ತಿ, ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಶುರುಮಾಡಿದ. ಮೊದಲು ಕಾರ್ಖಾನೆಯ ಗುರಿಯನ್ನು ಟನ್ ಲೆಕ್ಕದಲ್ಲಿ ಕೊಡುತ್ತಿದ್ದರಂತೆ. ದಪ್ಪ ತಗಡು ಹಾಕಿದರೆ ಗುರಿ ಬೇಗ ಮುಟ್ಟುತ್ತದೆ. ಹಾಗಾಗಿ ಪಾತ್ರೆಗಳನ್ನು ಹೆಂಗಸರು ಎರಡು ಕೈಯಲ್ಲಿ ಎತ್ತಬೇಕಿತ್ತು. ಸುಧಾರಣೆ ಬಂದು ತೂಕದ ಬದಲು ಲಾಭ ನೋಡತೊಡಗಿದ ಮೇಲೆ ಪಾತ್ರೆಗಳೇನೋ ಹಗುರಾದವು. ಆದರೆ ಹಾಲು ಕಾಯಿಸುವ ಸಣ್ಣ ಪಾತ್ರೆಯ ಬೆಲೆ ಸರ್ಕಾರದ ಕೈಯಲ್ಲೇ ಉಳಿದಿತ್ತು. ಲಾಭವಿಲ್ಲವೆಂದು ಕಾರ್ಖಾನೆ ಅದನ್ನು ಮಾಡುವುದನ್ನೇ ಬಿಟ್ಟಿತು.

ಎಲ್ಲರೂ ನಕ್ಕರು, ಆಮೇಲೆ ಬರೆದುಕೊಂಡರು. ಪ್ರೊಫೆಸರ್ ಸೀಮೆಸುಣ್ಣ ಕೆಳಗಿಟ್ಟು ಅವನನ್ನು ಕಾಫಿಗೆ ಕರೆದೊಯ್ದರು. ನಾನು ಬರಲೇ ಎಂದು ಕೇಳಲಿಲ್ಲ, ಅವರೂ ಕರೆಯಲಿಲ್ಲ.

ಮನೆಗೆ ಬಂದವನು ಹೇಳಿದ, “ಏನಪಾ, ನಿಮ್ಮ ಸರ್ ಭಾಳ ಚಲೋ ಮನಷ್ಯಾ. ನನಗ ಎಕನಾಮಿಕ್ಸ್ ಏನ್ ತಿಳೀತೈತಿ ಅಂದ್ರೂ ಬಿಡ್ಲಿಲ್ಲ.”

“ನಿನ್ನ ಲಕ್ ಬಿಡು,” ಎಂದೆ. ಅವನು ಪಾತ್ರೆ ತೊಳೆಯುವಾಗ ಹಾಡುವುದು, ಚಪಾತಿಗೆ ಚಟ್ನಿಪುಡಿ ಹಾಕಿಕೊಳ್ಳುವುದು, ಎಲ್ಲವೂ ಅಂದಿನಿಂದ ಮೈ ಉರಿಸತೊಡಗಿತು.

ತಿಂಗಳಾದ ಮೇಲೆ ಪ್ರೊಫೆಸರ್ ನಮ್ಮ ಮನೆಗೆ ಫೋನ್ ಮಾಡಿದರು. ಶನಿವಾರ ನ್ಯೂಯಾರ್ಕಿನಲ್ಲೊಂದು ಸಭೆ. ನನ್ನ ರೂಮ್‌ಮೇಟ್ ಬಂದು ಆ ಕಾರ್ಖಾನೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಅವನು ಲ್ಯಾಬಿನಲ್ಲಿದ್ದ. “ಹೇಳ್ತೀನಿ ಸರ್,” ಎಂದೆ. ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಶನಿವಾರ ಬೆಳಿಗ್ಗೆ ಅವನು ಲಾಂಡ್ರಿಗೆ ಬಟ್ಟೆ ಹೊತ್ತು ಹೋದಾಗ ನಾನು ಟೈ ಕಟ್ಟಿಕೊಂಡು ನ್ಯೂಯಾರ್ಕಿನ ಬಸ್ ಹತ್ತಿದೆ.

ಅವನಿಗೆ ಜ್ವರ ಎಂದೆ. ಪ್ರೊಫೆಸರ್ ಪೆಚ್ಚಾಗಿ, “ಹಾಗಾದರೆ ಆ ಪಾತ್ರೆಗಳ ಕಥೆ ನೀವೇ ಹೇಳಿ,” ಎಂದರು. ಹೇಳಿದೆ, ಅವನಿಗಿಂತ ಚೆನ್ನಾದ ಇಂಗ್ಲಿಷಿನಲ್ಲೇ ಹೇಳಿದೆ. ಯಾರೂ ನಗಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬರು ಕೇಳಿದರು: “ಸಣ್ಣ ಪಾತ್ರೆ ನಿಲ್ಲಿಸಿದಾಗ ಅದನ್ನು ಮಾಡುತ್ತಿದ್ದ ಕೆಲಸಗಾರರು ಏನೆಂದರು?” ನಾನು ಓದಿದ ಯಾವ ವರದಿಯಲ್ಲೂ ಅದಿರಲಿಲ್ಲ. ಗೊತ್ತಿಲ್ಲ ಎಂದು ಕೂತೆ.

ಭಾನುವಾರ ಪ್ರೊಫೆಸರ್ ಫೋನ್ ಮಾಡಿದಾಗ ಅವನೇ ಎತ್ತಿಕೊಂಡ. ಅತ್ತಲಿನ ಮಾತು ನನಗೆ ಕೇಳಿಸಲಿಲ್ಲ. ಅವನು ನನ್ನ ಮುಖ ನೋಡುತ್ತಾ ಇಂಗ್ಲಿಷಿನಲ್ಲಿ, ಈಗ ಜ್ವರ ಇಳಿದಿದೆ ಸರ್, ಥ್ಯಾಂಕ್ಸ್, ಎಂದ.

ಫೋನಿಟ್ಟು ಕುರ್ಚಿ ಎಳೆದುಕೊಂಡು ಕೂತ. “ನನಗ ಹೋಗಬ್ಯಾಡ ಅಂದಿದ್ರ ಹೋಗ್ತಿದ್ದಿಲ್ಲಲ್ಲೋ. ಇಷ್ಟ್ಯಾಕ ಮಾಡಿದಿ?”

“ನನಗೆ ಸಹಿಸೋಕೆ ಆಗ್ಲಿಲ್ಲ ಕಣೋ. ಮೂರು ವರ್ಷದಿಂದ ಓದ್ತಿರೋನು ನಾನು. ನೀನು ಸುಮ್ಮನೆ ಅಲ್ಲಿದ್ದು ಬಂದೆ, ಅಷ್ಟೇ.”

“ಸುಮ್ಮನ ಇರಲಿಲ್ಲಪಾ,” ಎಂದ. “ಆ ಸಣ್ಣ ಪಾತ್ರಿ ಲೈನಿನ್ಯಾಗ ನಾನೂ ಇದ್ದೆ. ಬಂದ್ ಮಾಡಿದ ದಿನ ನನ್ನ ಬಾಜೂಕ ನಿಲ್ತಿದ್ದಾಕಿ ಅತ್ತಳು. ಇಪ್ಪತ್ತು ವರ್ಷದ ಕೆಲಸ ಆಕೀದು.”

ಅದನ್ನು ಅವನು ಸೆಮಿನಾರಿನಲ್ಲಿ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಕ್ಷಮಿಸು ಎಂದೆ. ಅವನು ತಲೆಯಾಡಿಸಿ ಅನ್ನಕ್ಕಿಡಲು ಎದ್ದ.

ನನ್ನನ್ನು ಬಯಲಿಗೆಳೆಯಲು ಅವನಿಗೆ ಒಂದು ಮಾತು ಸಾಕಿತ್ತು. ಆಡಲಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ಆಡುತ್ತಿದ್ದೆ. ಅದು ಗೊತ್ತಾದಾಗ ಅವನ ಒಳ್ಳೆಯತನದ ಮೇಲೂ ಹೊಟ್ಟೆಕಿಚ್ಚಾಯಿತು. ಮರುವರ್ಷ ಅವನಿಗೆ ಅದೇ ರಾಜ್ಯದ ಪಾರ್ಸಿಪನಿ ಎಂಬ ಊರಿನಲ್ಲಿ ಕೆಲಸ ಸಿಕ್ಕಿತು. ಸಾಮಾನು ಕಾರಿಗೇರಿಸಲು ನೆರವಾದೆ. ಅವನು ಹೊರಟಾಗ ನನಗಾದದ್ದು ನಿರಾಳವೇ ಹೊರತು ದುಃಖವಲ್ಲ.