ತಮ್ಮನ ನಂಬರಿನ ಕೆಳಗೆ ನನ್ನ ದಾರಿ

ಖಜೂರಿಯ ನಮ್ಮ ಮನೆಯಲ್ಲಿ ಅವ್ವ ಒಂದು ಕಟ್ಟಳೆ ಇಟ್ಟುಕೊಂಡಿದ್ದಳು. ಲಾರಿ ಮೇಲೆ ಹೋದ ಮಕ್ಕಳು ಭೀಮಾ ಹೊಳೆ ದಾಟಿ ಈಚೆ ಬಂದ ಸುದ್ದಿ ಸಿಗುವ ತನಕ ರೊಟ್ಟಿಯ ಹಂಚನ್ನು ಒಲೆಯಿಂದ ಇಳಿಸುತ್ತಿರಲಿಲ್ಲ. ಹಂಚು ಇಳಿಸಿ ತೊಳೆದರೆ ಉಣ್ಣುವವರೆಲ್ಲ ಉಂಡರು ಎಂದರ್ಥ. ನಾನೂ ನನ್ನ ತಮ್ಮನೂ ಇಬ್ಬರೂ ಡ್ರೈವರುಗಳು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಕ್ಲೀನರ್ ಆದವನು. ಸ್ಟೇರಿಂಗ್ ಹಿಡಿಯುವುದನ್ನು ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ, ನೋಡಿ ಕಲಿತೆ. ನಾನು ತಂದ ಮಾಲು ತೊಯ್ದಿದೆ ಎಂದು ಆಳಂದದ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಒಬ್ಬನೂ ಬೆರಳು ತೋರಿಸಿದ್ದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ತೊಂಬತ್ತರ ದಶಕದ ಕೊನೆಗೆ ಆ ಆಫೀಸಿಗೆ ಕಂಪ್ಯೂಟರ್ ಬಂತು. ನಾವು ದಾರಿಯ ಎಸ್‌ಟಿಡಿ ಬೂತುಗಳಿಂದ ಫೋನಿನಲ್ಲಿ ಹೇಳಿದ್ದನ್ನೆಲ್ಲ ಗುಮಾಸ್ತ ಅದರೊಳಗೆ ತುಂಬುತ್ತಿದ್ದ. ಪರದೆಯ ಮೇಲ್ಭಾಗದಲ್ಲಿ ಒಂದು ಖಾನೆ. ಅದರಲ್ಲಿ ಲಾರಿಯ ನಂಬರ್ ಬರೆದರೆ, ಅಷ್ಟೂ ಲಾರಿಗಳ ಸುದ್ದಿಯೊಳಗಿಂದ ಆ ಒಂದರದನ್ನೇ ಹೆಕ್ಕಿ ಕೆಳಗೆ ಸಾಲಾಗಿ ತೋರಿಸುತ್ತಿತ್ತು. ಖಾನೆಯ ನಂಬರ್ ಬೇರೆಯಾದರೆ ಸಾಲುಗಳೂ ಬೇರೆ.

ಆ ಮಳೆಗಾಲ ಭೀಮಾ ಉಕ್ಕಿತ್ತು. ನಾನು ಯಡ್ರಾಮಿಯಿಂದ ಹೊರಟು, ನೀರು ಏರುವ ಮೊದಲೇ ಹೊಳೆ ದಾಟಿ, ಮಧ್ಯಾಹ್ನದ ಹೊತ್ತಿಗೆ ಆಳಂದ ಮುಟ್ಟಿದೆ. ತಮ್ಮ ಜೇವರ್ಗಿಯಲ್ಲಿ ಮಾಲು ತುಂಬಿಸಿಕೊಂಡು ಹಿಂದೆ ಬರುವವನಿದ್ದ. ಆಫೀಸಿನ ಮುಂದೆ ಇಳಿಯುವಷ್ಟರಲ್ಲೇ, ಸೇತುವೆ ಮೇಲಿಂದ ಒಂದು ಲಾರಿ ನೀರಿಗೆ ಹೋಯಿತಂತೆ ಎಂಬ ಮಾತು ಕಿವಿಗೆ ಬಿತ್ತು. ಯಾರದೆಂದು ಒಬ್ಬರಿಗೂ ಗೊತ್ತಿರಲಿಲ್ಲ.

ಒಳಗೆ ಗುಮಾಸ್ತ ಪರದೆಯ ಮೇಲೆ ನನ್ನ ಲಾರಿಯ ಸಾಲುಗಳನ್ನೇ ತೆಗೆದು ಕೂತಿದ್ದ.

“ನಂದ್ ಬಿಡ್ರಿ, ಮೊದಲ ತಮ್ಮಂದ್ ನೋಡ್ರಿ,” ಎಂದೆ.

ಖಾನೆಯಲ್ಲಿ ತಮ್ಮನ ನಂಬರ್ ಬರೆದು ಕೊನೆಯ ಸಾಲು ಓದಿದ. “ಹೊಳಿ ದಾಟ್ಯಾನ್ರಿ! ಅಫಜಲಪುರದಿಂದ ಫೋನ್ ಮಾಡ್ಯಾನ. ಯಾಕ್ ಇಷ್ಟ್ ಬೆವತೀರಿ? ಚಾ ಹೇಳ್ರಿ ಎಲ್ಲಾರಿಗೂ.”

ಅಲ್ಲಿಂದಲೇ ನಮ್ಮೂರ ಕಿರಾಣಿ ಅಂಗಡಿಗೆ ಫೋನ್ ಹಚ್ಚಿದೆ. “ಅವ್ವಗ ಹೇಳ್ರಿ, ಇಬ್ರೂ ದಾಟೇವಿ.”

ಚಹಾ ಬಂತು. ಇಂಗ್ಲಿಷ್ ಅಕ್ಷರ ನನಗೆ ರಸ್ತೆಯ ಬೋರ್ಡುಗಳಿಂದಲೇ ಪರಿಚಯ. ಕಪ್ಪು ಹಿಡಿದು, ಪರದೆಯ ಮೇಲೆ ತಮ್ಮ ಬಂದ ದಾರಿಯನ್ನು ಒಂದೊಂದೇ ಊರಾಗಿ ಓದತೊಡಗಿದೆ. ಯಡ್ರಾಮಿ. ಮುಂದೆ, ಟೈರ್ ಬದಲು.

“ಅಂವ ಯಡ್ರಾಮಿಗಿ ಹೋಗೇ ಇಲ್ರಿ. ಟೈರ್ ಒಡದಿದ್ದು ನಂದು.”

ಗುಮಾಸ್ತ ಪರದೆಯ ಕಡೆಗೆ ಬಗ್ಗಿ ನೋಡಿದ. “ಖಾನೇದಾಗ ನಂಬರ್ ಬದಲ್ ಮಾಡಿದೆ, ಗುಂಡಿ ಒತ್ತಲಿಲ್ರಿ. ಒತ್ತಿದ್ರನ ಅದು ಹೊಸದಾಗಿ ಹುಡುಕತದ. ಕೆಳಗ ನಿಮ್ದ ನಿಂತಿತ್ತು.”

ಒತ್ತಿದ. ನನ್ನ ಸಾಲುಗಳೆಲ್ಲ ಅಳಿಸಿಹೋಗಿ ತಮ್ಮನದು ಒಂದೇ ಒಂದು ಸಾಲು ಬಂತು. ಜೇವರ್ಗಿ ಬಿಟ್ಟ. ಅದರ ಕೆಳಗೆ ಏನೂ ಇರಲಿಲ್ಲ.

ಮತ್ತೆ ಫೋನ್ ಹಚ್ಚಿದೆ, ಅಂಗಡಿಯವರು ಎತ್ತಲಿಲ್ಲ. ಸಿಕ್ಕ ಲಾರಿ ಹತ್ತಿ ಊರಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಹೇಳಲೋ, ಬೇಡವೋ. ಮನೆಯ ಬಾಗಿಲಲ್ಲಿ ನಿಂತಾಗ ಹಂಚು ತೊಳೆದು ಗೋಡೆಗೆ ಒರಗಿಸಿದ್ದು ಕಂಡಿತು. ಅವ್ವ ಉಂಡು ಅಡಕೆ ಅಗಿಯುತ್ತಿದ್ದಳು.

ಹೇಳಿದೆ. ಅವಳು ಬಾಯಲ್ಲಿದ್ದುದನ್ನು ಉಗುಳಿ ಬಂದು, ಹಸಿ ಹಂಚನ್ನು ಎತ್ತಿ ಒಲೆಯ ಮೇಲಿಟ್ಟಳು. ಕೆಂಡ ಇನ್ನೂ ಇತ್ತು, ಹಂಚಿನ ನೀರು ಚುಂಯ್ ಎಂದಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಅಂಗಡಿಗೆ ತಮ್ಮನ ಫೋನ್ ಬಂತು. ಸೇತುವೆ ಇನ್ನೂ ದೂರವಿರುವಾಗಲೇ ಪೊಲೀಸರು ತಡೆದಿದ್ದರಂತೆ. ನೀರು ಇಳಿದ ಮೇಲೆ ಬಂದವನು ಕತೆ ಕೇಳಿ, “ಏನಣ್ಣಾ, ನನ್ನ ಪಾಲಿನ ರೊಟ್ಟಿನೂ ತಿಂದ್ಯೇನ?” ಎಂದು ನಕ್ಕ. ಅವ್ವ ನಗಲಿಲ್ಲ. ನೀರಿಗೆ ಹೋದ ಲಾರಿ ಬೇರೆಯವರದು. ಆ ಮನೆಗೆ ಯಾರು, ಏನೆಂದು ಸುದ್ದಿ ಹೇಳಿದರೋ.

ಆಮೇಲೆ ಎಷ್ಟೋ ಸಲ ನಾನು ಅವ್ವನನ್ನು ಅಂಗಡಿಯ ಫೋನಿಗೆ ಕರೆಸಿ ತಮ್ಮ ದಾಟಿದನೆಂದು ಹೇಳಿದ್ದಿದೆ. ಅವ್ವ ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದಳು: “ನೋಡಿ ಹೇಳಾಕತ್ತಿಯೋ, ಕೇಳಿ ಹೇಳಾಕತ್ತಿಯೋ?”

“ಕೇಳಿ ಹೇಳಾಕತ್ತೀನಿ,” ಎನ್ನುತ್ತಿದ್ದೆ. ಹಂಚು ಒಲೆಯ ಮೇಲೇ ಇರುತ್ತಿತ್ತು.